ಹಗೇವಿನ ಜೋಳದ ರೊಟ್ಟಿ

ಅಕ್ಕನಿಗೆ ಬಬಲೇಶ್ವರದ ಸಂಬಂಧ ಬಂದಾಗ ಮನೆತನ ನೋಡಿಕೊಂಡು ಬರಲು ಅಪ್ಪನ ಜೊತೆ ನನ್ನನ್ನೂ ಕಳಿಸಿದರು. ಅರವತ್ತರ ದಶಕದ ಆರಂಭದ ಮಾತು. ಹೊರಡುವ ಮುಂಚೆ ಅಕ್ಕ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು, "ಅಪ್ಪ ಹೊಲಾ ನೋಡ್ತಾನ, ಎತ್ತ ನೋಡ್ತಾನ. ನೀ ಒಳಗ ಹೋಗಿ ಹೆಣ್ಮಕ್ಕಳು ಹೆಂಗ ಅದಾರ ನೋಡು. ನೀ ಹೂಂ ಅಂದ್ರ ನಾನೂ ಹೂಂ" ಎಂದಳು. ಅಂಥ ಹೊರೆಯನ್ನು ಅಲ್ಲಿಯತನಕ ಯಾರೂ ನನ್ನ ತಲೆಯ ಮೇಲೆ ಹೊರಿಸಿರಲಿಲ್ಲ. ಹೆಮ್ಮೆಯಾಯಿತು, ಹೆದರಿಕೆಯೂ ಆಯಿತು.

ವಿಜಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದು, ವಾರವಾರ ಸಂತೆಯಿಂದ ಜೋಳ ತಂದು ಉಣ್ಣುವವರು ನಾವು. ನನ್ನ ಲೆಕ್ಕದಲ್ಲಿ ಶ್ರೀಮಂತರೆಂದರೆ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಲ್ಲಿ ಗೋಳಗುಮ್ಮಟಕ್ಕೆ ಬರುವವರು. ಒಳಗೆ ಕೂಗು ಹಾಕಿ, ಅದು ತಿರುಗಿ ಬಂದದ್ದನ್ನು ಕೇಳಿ ಹೋಗಿಬಿಡುತ್ತಿದ್ದರು. ತಿಕೋಟಾದ ಕಡೆ ಅವರಲ್ಲಿ ಒಬ್ಬರೂ ಮುಖ ಹಾಕಿದ್ದನ್ನು ನಾನು ಕಂಡಿಲ್ಲ.

ತಿಕೋಟಾದಲ್ಲಿ ಸೋದರತ್ತೆಯ ಮನೆ. ಸಂಬಂಧ ತಂದವಳೂ ಅವಳೇ. ಬಸ್ಸಿನಲ್ಲಿ ಅವಳಲ್ಲಿಗೆ ಹೋಗಿ, ಮರುದಿನ ಅವಳನ್ನೂ ಕರೆದುಕೊಂಡು ಚಕ್ಕಡಿಯಲ್ಲಿ ಬಬಲೇಶ್ವರ ಮುಟ್ಟಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಭಾಳ ಇದ್ದಾವ್ರು." ಮನೆ ಕಂಡಾಗ ಮಾತ್ರ ನಾವು ಬೇರೆ ಯಾರದೋ ಬಾಗಿಲಿಗೆ ಬಂದೆವೆನ್ನಿಸಿತು. ವರನ ತಂದೆ ಹರಿದ ಧೋತರದಲ್ಲಿ ಎದ್ದು ಬಂದರು. ತಾಯಿಯ ಸೀರೆಗೆ ತೇಪೆ. ಕೂರಲು ಒಂದು ಕುರ್ಚಿ ಇಲ್ಲ. ಅತ್ತೆ ಹಿತ್ತಲ ಕಡೆ ಕೈ ಮಾಡಿ, "ಯಣ್ಣಾ, ಆ ತಿಪ್ಪಿ ನೋಡು" ಎಂದಳು. ಮನೆಯೆತ್ತರದ ಗೊಬ್ಬರದ ಗುಡ್ಡೆ ನೋಡಿ ಅಪ್ಪ ಬಂಗಾರ ಕಂಡವರ ಹಾಗೆ ತಲೆದೂಗಿದರು. ನಾನೂ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದೆ. ನೊಣ ಬಿಟ್ಟರೆ ಏನೂ ಕಾಣಲಿಲ್ಲ.

ಊಟಕ್ಕೆ ರೊಟ್ಟಿಯ ಮೇಲೆ ಧಾರಾಳವಾಗಿ ಬೆಣ್ಣೆ ಹಾಕಿದರು. ಆದರೆ ರೊಟ್ಟಿ ಹಳದಿಗಟ್ಟಿತ್ತು, ಮುಗ್ಗಲು ನಾತ ಹೊಡೆಯುತ್ತಿತ್ತು. ತುತ್ತು ಗಂಟಲಿನಿಂದ ಇಳಿಯಲಿಲ್ಲ. ವರನ ತಾಯಿ ನಕ್ಕು, "ಹಗೇವಿನ ವಾಸನಿ ತಂಗಿ" ಎಂದು ಅಂಗಳದ ಹಾಸುಗಲ್ಲು ತೋರಿಸಿದರು. ಅದರ ಕೆಳಗೆ ಆಳವಾದ ಕುಣಿ ತೋಡಿ ಜೋಳ ತುಂಬಿಟ್ಟಿದ್ದರಂತೆ. "ಇದು ಮೂರು ವರ್ಷದ್ದು. ಹಳೇದು ತೀರೂತನಾ ಹೊಸಾದು ಮುಟ್ಟಂಗಿಲ್ಲ ನಾವು." ಆ ಮಾತಿನಲ್ಲಿ ಸಂಕೋಚದ ಸುಳಿವೇ ಇರಲಿಲ್ಲ, ಬರೀ ಜಂಬ.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಓಡಿದೆ. ಮೋಟುಗೋಡೆಯ ಆಚೆ ಒಂದು ಗುಡಿಸಲು. ಈ ಮನೆಯ ಹೊಲಕ್ಕೆ ಕೂಲಿಗೆ ಬರುವ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ, "ರೊಟ್ಟಿ ಸೇರಲಿಲ್ಲೇನ ಯವ್ವಾ?" ಎಂದು ಅರ್ಧ ಮುರಿದು ಕೊಟ್ಟಳು. ಬೆಳ್ಳಗೆ, ಮೆತ್ತಗೆ, ಎಷ್ಟು ಸಿಹಿ! "ಸುಗ್ಗಿ ಕೂಲಿ ಜೋಳ. ನಿನ್ನಿ ಬೀಸೇನಿ" ಎಂದಳು. ಒಳಗೆ ಒಂದು ಬೀಸುಕಲ್ಲು, ಒಂದು ಕೌದಿ, ಇಷ್ಟೇ. ಇಲ್ಲದವಳ ಮನೆಯಲ್ಲಿ ಹೊಸ ಜೋಳ, ಇದ್ದವರ ಮನೆಯಲ್ಲಿ ಮುಗ್ಗಿದ್ದು. ನನ್ನ ತಲೆ ಕೆಟ್ಟು ಹೋಯಿತು.

ವಿಜಾಪುರಕ್ಕೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ.

"ಹಂಗಾರ ಅವ್ರು ಇದ್ದಾವ್ರೋ ಇಲ್ಲದಾವ್ರೋ?"

"ನನಗ ತಿಳೀವಲ್ದು."

"ಬೈತಾರೇನ?"

"ಇಲ್ಲ, ನಗ್ತಾರ."

"ಮತ್ತ ಹೂಂ ಅನ್ನು."

ಹೂಂ ಅಂದೆ. ಬೇಸಿಗೆಯಲ್ಲಿ ಮದುವೆಯಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುವಾಗಲೆಲ್ಲ, ಅಕ್ಕನ ಗಂಟಲಲ್ಲಿ ತುತ್ತು ಇಳಿಯುತ್ತದೋ ಇಲ್ಲವೋ ಎಂದು ನನ್ನ ಜೀವ ಒದ್ದಾಡುತ್ತಿತ್ತು.

ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಅಪ್ಪನೂ ನಾನೂ ಹೋದೆವು. ಮಳೆ ಬಿಡುವು ಕೊಟ್ಟಿದ್ದರಿಂದ ಹಿಂದಿನ ದಿನ ಹಗೇವು ತೆಗೆದಿದ್ದರು. ಅಂಗಳದ ತುಂಬ ಅದೇ ನಾತ. ಅಕ್ಕ ತೇಪೆ ಹಾಕಿದ ಸೀರೆಯುಟ್ಟು ಹಿತ್ತಲಲ್ಲಿ ನಿಂತಿದ್ದಳು, ಮೈ ಕೈ ತುಂಬಿಕೊಂಡಿದ್ದಳು. ಕುಣಿಯ ಗೋಡೆಗೆ ಅಂಟಿ ಕಪ್ಪಾದ ಜೋಳದ ಹೆಂಟೆಗಳನ್ನು ಅದೇ ಕೂಲಿ ಹೆಂಗಸಿನ ಉಡಿಗೆ ಹಾಕುತ್ತಿದ್ದಳು. ಹೆಂಗಸು ಸೊರಗಿ ಅರ್ಧವಾಗಿದ್ದಳು.

"ನಿಮ್ಮ ಬಿಳೀ ಜೋಳ?" ಎಂದೆ.

"ಅದು ಉಗಾದಿಗೇ ತೀರ್ತು ಯವ್ವಾ. ಇದನ್ನ ತೊಳದು ಒಣಗಿಸಿದ್ರ ನಡೀತೈತಿ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. "ಅಕ್ಕಾ, ಈಕಿಗೆ ಒಂದ ಬೊಗಸಿ ಹೊಸಾ ಜೋಳ ಕೊಡಬಾರದೇನ?"

ಅಕ್ಕ ನಿಜಕ್ಕೂ ಅರ್ಥವಾಗದವಳಂತೆ ನನ್ನನ್ನು ನೋಡಿದಳು.

"ಹೊಸಾದು ನಾವ ಉಂಡಿಲ್ಲ. ಈಕಿಗೆ ಎಲ್ಲಿಂದ ಕೊಡ್ಲಿ?"

"ಖರೇ ಐತ್ರಿ ಅಕ್ಕಾರ" ಎಂದು ಆ ಹೆಂಗಸೂ ತಲೆಯಾಡಿಸಿದಳು. ಆಡಬಾರದ ಮಾತು ಆಡಿದವಳು ನಾನೊಬ್ಬಳೇ ಎಂಬಂತೆ ಇಬ್ಬರೂ ನನ್ನನ್ನೇ ನೋಡುತ್ತ ನಿಂತರು.