ಬಡಿ ಟೈಮ್

…ಇಲ್ಲ, ಅಲ್ಲಿ ಬೇವಿನ ಮರ ಇದ್ದಿರಲಿಕ್ಕಿಲ್ಲ. ಸಭೆ ಎಂದ ಕೂಡಲೇ ನನ್ನ ನೆನಪು ಎಲ್ಲಿಂದಲೋ ಒಂದು ಬೇವಿನ ಮರ ತಂದು ನಿಲ್ಲಿಸುತ್ತದೆ, ನೆರಳು ಬೇಕಲ್ಲ. ಬಹುಶಃ ನಾವು ಹಿಟ್ಟಿನ ಗಿರಣಿಯ ಮುಂದೆ ಬಿಸಿಲಲ್ಲೇ ಕೂತಿದ್ದೆವು. ನೀವು ಪೂರ್ತಿ ನಂಬಬೇಡಿ. ಇವತ್ತು ಬೆಳಿಗ್ಗೆ ಯಾರೋ ರಸ್ತೆಯಂಚಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಂದದ್ದೇ ತಡ, ಆ ಸಭೆ ಮರದ ಸಮೇತ ಎದ್ದು ಬಂತು.

ಮರಳಿ ಎಂಬ ಊರಿನ ಹತ್ತಿರ, ತೆಲುಗು ರೈತರು ಬಂದು ನೆಲೆಸಿದ ನಮ್ಮ ಕ್ಯಾಂಪಿನಲ್ಲಿ ಹೈಸ್ಕೂಲಿಲ್ಲ. ಮಕ್ಕಳು ಕಾಲುವೆ ದಂಡೆಯ ರಸ್ತೆ ಹಿಡಿದು ಪಕ್ಕದೂರಿಗೆ ಹೋಗಬೇಕು. ಸುಗ್ಗಿ ಬಂತೆಂದರೆ ಆ ರಸ್ತೆಯೆಲ್ಲ ಭತ್ತದ ಟ್ರ್ಯಾಕ್ಟರುಗಳದ್ದು. ಪಕ್ಕದ ಮನೆಯ ಸುಜಾತಾಳಿಗೆ ಹೊಸ ಸೈಕಲ್ಲು ಬಂದಿತ್ತು, ರಸ್ತೆಗಿಳಿಯುವ ಅಪ್ಪಣೆ ಬಂದಿರಲಿಲ್ಲ. ದಾರಿ ಸರಿಯಾಗದಿದ್ದರೆ ಹುಡುಗಿ ಓದು ಬಿಟ್ಟು ಮನೆಯಲ್ಲಿರಲಿ ಎಂದು ಅವಳ ಅಜ್ಜಿ ರತ್ತಮ್ಮ ಹಟ ಹಿಡಿದಿದ್ದಳು. ಸುಜಾತಾ ಅಂಗಳದಲ್ಲೇ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹತ್ತಿ ಕೂತು, ಪೆಡಲ್ ತುಳಿಯುತ್ತಿದ್ದಳು. ಚಕ್ರ ತಿರುಗುತ್ತಿತ್ತು, ಶಾಲೆ ಹತ್ತಿರವಾಗುತ್ತಿರಲಿಲ್ಲ.

ಅದಕ್ಕೇ ಸಭೆ. ಓದಿದವನೆಂಬ ಜಂಬಕ್ಕೆ ನಾನೊಂದು ಬಣ್ಣದ ನಕ್ಷೆ ಬರೆದೊಯ್ದಿದ್ದೆ. ಕಾಲುವೆಯನ್ನು ಉಲ್ಟಾ ಹರಿಸಿದ್ದೆ.

"ಸರ, ನೀರು ಹಿಂಗ ಹೊಂಟ್ರ ನಮ್ಮ ಗದ್ದಿ ಒಣಗತಾವ್ರಿ!" ಎಂದು ಸಭೆಯಲ್ಲಿ ಯಾರೋ ಕೂಗಿದರು.

ಶಾಲೆಗೆ ಹೋಗುವ ಬರುವ ಹೊತ್ತಿನಲ್ಲಿ ಟ್ರ್ಯಾಕ್ಟರ್ ನಿಲ್ಲಬೇಕು, ಸುಣ್ಣದ ಗೆರೆ ಎಳೆದು ರಸ್ತೆಯ ಒಂದು ಅಂಚು ಮಕ್ಕಳಿಗೇ ಬಿಡಬೇಕು, ಇಷ್ಟೇ ಬೇಡಿಕೆ. ಟ್ರ್ಯಾಕ್ಟರ್ ಬಸಣ್ಣ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಮೋಡ ಕವಿದಾಗ ನೆಲ್ಲು ಹೇರ್ಕೊಂಡು ನಡುದಾರ್ಯಾಗ ನಿಂದ್ರಲೇನ್ರಿ?" ಅವನು ಒಪ್ಪದೆ ಉಳಿದ ಟ್ರ್ಯಾಕ್ಟರಿನವರು ಒಪ್ಪುವವರಲ್ಲ.

ಆಗ ರತ್ತಮ್ಮ ಸೆರಗು ಬಿಗಿದು ಎದ್ದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. "ಬಡಿ ಪಿಲ್ಲಲು ಮುಂದು! ಟ್ರ್ಯಾಕ್ಟರ್ಲು ತರ್ವಾತ!"

ತೆಲುಗಿನಲ್ಲಿ ಬಡಿ ಎಂದರೆ ಶಾಲೆ. ಶಾಲೆಯ ಮಕ್ಕಳು ಮೊದಲು, ಟ್ರ್ಯಾಕ್ಟರ್ ಆಮೇಲೆ ಅಂದಿದ್ದಳು. ಬಸಣ್ಣ ಗಾಬರಿಬಿದ್ದು ಕೇಳಿದ: "ಯಮ್ಮಾ, ಮೊದ್ಲು ಹುಡುಗ್ರನ್ನ ಬಡೀಬೇಕಾ? ಆಮ್ಯಾಲ ನಮ್ಮನ್ನಾ?"

"ನಿನ್ನ ಬಡೀಬೇಕಲೇ ಮೊದ್ಲ!" ಎಂದಳು ರತ್ತಮ್ಮ, ಅಚ್ಚ ಕನ್ನಡದಲ್ಲಿ.

ಗಿರಣಿಯವನು ನಗಲಿಕ್ಕೆಂದು ಗಿರಣಿ ನಿಲ್ಲಿಸಿದ. ಬಸಣ್ಣನೂ ಕಣ್ಣೊರೆಸಿಕೊಳ್ಳುತ್ತ, "ಆತು ಬಿಡಬೇ, ಬಡಿ ಟೈಮಿಗೆ ಗಾಡಿ ನಿಲ್ಲಸ್ತೀನಿ" ಎಂದ. ಮರುದಿನ ಸುಜಾತಾ ಸೈಕಲ್ಲಿನ ಸ್ಟ್ಯಾಂಡ್ ತೆಗೆದಳು.

ಈಗ ಕನ್ನಡದವರಿಗೂ ತೆಲುಗಿನವರಿಗೂ ಅದು ಬಡಿ ಟೈಮೇ. ಇವತ್ತೂ ಗೆರೆಯಾಚೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಈಚೆ ಬೆಲ್ ಬಾರಿಸುತ್ತ, ಕಾರಣವಿಲ್ಲದೆ ಕಿರುಚುತ್ತ ಸೈಕಲ್ಲುಗಳು. ನಾನೂ ಸ್ಕೂಟರ್ ನಿಲ್ಲಿಸಿ ನಿಂತೆ. ನಿಂತಾಗಲೇ ಹೊಳೆದದ್ದು: ಬಸಣ್ಣ ಆ ಸಭೆಗೂ ಎಷ್ಟೋ ವರ್ಷ ಮೊದಲಿನಿಂದ ತೆಲುಗಿನವರ ಭತ್ತ ಹೇರಿದವನು. ಎತ್ತರದ ದನಿಯಲ್ಲಿ ಬೈಯುವುದೂ ತೆಲುಗಿನಲ್ಲೇ. ಅವನಿಗೆ ಬಡಿ ಗೊತ್ತಿರಲಿಲ್ಲವೇ?

ಸಾಲಿನ ಮುಂದೆ ಅವನೇ ಇದ್ದ. ಕೇಳಿದೆ.

"ಯಾವಾಗಿನ ಮಾತ್ರಿ ಸರ ಅದು," ಎಂದು ಚಹಾ ಊದಿಕೊಂಡ.

ನಿಜವಾಗಿ ತಪ್ಪು ತಿಳಿದನೋ, ಸೋಲೊಪ್ಪಲು ಅವನಿಗೊಂದು ನಗೆ ಬೇಕಾಗಿತ್ತೋ, ನನಗೆ ಗೊತ್ತಿಲ್ಲ.