ಒಂದೇ ಚರಣದ ಹಾಡು

ಅರವತ್ತರ ದಶಕದಲ್ಲಿ ಹೊಸನಗರದಲ್ಲಿ ಟೀಚರ್ ಆಗಿದ್ದಾಗ ನನಗೊಂದು ಹುಚ್ಚಿತ್ತು. ಜನ ಬಾಯಿಪಾಠ ಮಾಡಿಕೊಂಡ ಸಿನಿಮಾ ಹಾಡುಗಳಲ್ಲಿ, ಬೇರೆ ಯಾವುದರಲ್ಲೂ ಇಲ್ಲದ ಒಂದು ವಿಶೇಷವನ್ನು ಹುಡುಕಿ ಬರೆದಿಡುವುದು. ಚಪ್ಪಾಳೆ ಬಿಟ್ಟು ಬೇರೆ ವಾದ್ಯವೇ ಇಲ್ಲದ ಹಾಡು. ನಾಯಕಿ ಜ್ವರದಲ್ಲಿ ಮಲಗಿಕೊಂಡೇ ಮುಗಿಸುವ ಹಾಡು. ಕೊನೆಗೂ ಮಗು ನಿದ್ದೆ ಮಾಡದ ಜೋಗುಳ.

"ಇದ್ರಿಂದ ಎಂತ ಸಿಗ್ತದೆ ನಿಂಗೆ?" ಎಂದು ಅಮ್ಮ ಗೊಣಗುತ್ತಿದ್ದಳು. ಬೆಂಗಳೂರಿನ ಸಿನಿಮಾ ಮಾಸಿಕವೊಂದರ ಸಂಪಾದಕರು, ಮೊದಲ ಬರಹ ಚೆನ್ನಾಗಿದ್ದರೆ ಪ್ರತಿ ತಿಂಗಳು ಒಂದು ಪುಟ ಕೊಡುತ್ತೇವೆ ಎಂದು ಬರೆದಾಗ ಸುಮ್ಮನಾದಳು. ಆ ಪುಟ ನನಗೆ ಬೇಕೇ ಬೇಕಿತ್ತು. ಅಷ್ಟು ಆಸೆಪಟ್ಟಿದ್ದು ಬೇರೇನೂ ನೆನಪಿಲ್ಲ.

ಇದ್ದುದರಲ್ಲಿ ಒಳ್ಳೆಯ ಮಾಲನ್ನೇ ಕಳಿಸಿದೆ. ಆ ವರ್ಷ ಎಲ್ಲರ ಬಾಯಲ್ಲಿದ್ದ ಹಾಡಿಗೆ ಪಲ್ಲವಿ ಬಿಟ್ಟರೆ ಒಂದೇ ಚರಣ! ನಮ್ಮೂರಿನ ತಗಡಿನ ಟಾಕೀಸಿನಲ್ಲಿ ದಸರಾ ರಜೆಯಲ್ಲಿ ಐದು ಸಲ ಮ್ಯಾಟಿನಿ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಹಾಡಿನ ಪುಸ್ತಕದಲ್ಲಿ ಎರಡು ಚರಣ ಅಚ್ಚಾಗಿದ್ದವು, ನಿಜ. ಆದರೆ ಆ ಪುಸ್ತಕಗಳಲ್ಲಿ ತಪ್ಪಿಲ್ಲದ ಪುಟವೇ ಇರುತ್ತಿರಲಿಲ್ಲ. ಮನೆಯಲ್ಲಿ ರೇಡಿಯೋ ಇರಲಿಲ್ಲ. ನಾನು ನಂಬಿದ್ದು ನನ್ನ ಕಣ್ಣನ್ನು. ಒಂದೇ ಚರಣಕ್ಕೆ ನಿಲ್ಲಿಸಿದ ಕವಿಯ ಧೈರ್ಯವನ್ನು ಅರ್ಧ ಪುಟ ಹೊಗಳಿದ್ದೆ ಬೇರೆ.

ಬರಹ ಅಚ್ಚಾಯಿತು. ಹಿಂದೆಯೇ ಸಾಗರ, ತೀರ್ಥಹಳ್ಳಿಗಳಿಂದ, ಕೊನೆಗೆ ಮೂಲೆಯ ಮೇಗರವಳ್ಳಿಯಿಂದಲೂ ಸಂಪಾದಕರಿಗೆ ಕಾರ್ಡುಗಳು ಹೋದವು. ಎರಡನೇ ಚರಣ ಎಲ್ಲಿ ಹೋಯಿತು, ಲೇಖಕಿಗೆ ಕಿವಿ ಇಲ್ಲವೇ? ಸಂಪಾದಕರು ಕಾರ್ಡಿನ ಕಟ್ಟನ್ನೇ ನನಗೆ ಕಳಿಸಿ, ಮೇಲೊಂದು ಚೀಟಿ ಇಟ್ಟಿದ್ದರು: ಇನ್ನು ಬರೆಯುವುದು ಬೇಡ.

ಐದು ಸಲ ನೋಡಿದಾಗಲೂ ಆ ಚರಣ ಇರಲಿಲ್ಲವಲ್ಲ! ನೇರ ಟಾಕೀಸಿಗೆ ಹೋಗಿ ಮೆಷಿನ್ ಓಡಿಸುವ ಆಪರೇಟರನ್ನು ಹಿಡಿದೆ. ಅವನು ಬೀಡಿಯನ್ನೂ ಆರಿಸಲಿಲ್ಲ.

"ಎರಡನೇ ಚರಣ ನಾನೇ ಕತ್ತರಿಸಿದ್ದು ಟೀಚರೇ. ಮ್ಯಾಟಿನಿ ಮುಗಿಯೋದ್ರೊಳಗೆ ರಿಪ್ಪನ್‌ಪೇಟೆ ಕಡೆ ಕೊನೇ ಬಸ್ ಹೋಗ್ತದೆ. ಜನ ಕ್ಲೈಮ್ಯಾಕ್ಸ್ ಬಿಟ್ಟು ಎದ್ದು ಓಡ್ತಿದ್ರು. ಡ್ರೈವರ್ ಎರಡು ನಿಮಿಷ ಕಾಯ್ತಾನೆ, ನಾಲ್ಕು ಕಾಯೂದಿಲ್ಲ. ಚರಣ ತೆಗೆದ್ರೆ ಆ ಎರಡು ನಿಮಿಷ ಉಳೀತದೆ. ಊರಿಂದ ರೀಲಿನ ಪೆಟ್ಟಿಗೆ ಹೋಗೋವಾಗ ವಾಪಸ್ ಅಂಟಿಸಿ ಕಳಿಸಿದ್ದೀನಿ."

"ಹಾಡೇ ಬೇಕಿತ್ತಾ? ಹೊಡೆದಾಟ ಕತ್ತರಿಸಬೇಕಿತ್ತು!"

"ಹೊಡೆದಾಟ ಮುಟ್ಟಿದ್ರೆ ತಗಡಿಗೆ ಕಲ್ಲು ಬೀಳ್ತದೆ. ಹಾಡಿಂದು ಒಂದು ಚರಣ ಹೋದ್ರೆ ಯಾರಿಗ್ ಗೊತ್ತಾಗ್ತದೆ?"

ಗೊತ್ತಾಗಿದ್ದು ಇಡೀ ಊರಿನಲ್ಲಿ ನನಗೊಬ್ಬಳಿಗೇ, ಅದನ್ನೇ ಹಿಡಿದು ಕುಣಿದಿದ್ದೆ. ಸಂಪಾದಕರಿಗೆ ಎಲ್ಲವನ್ನೂ ವಿವರಿಸಿ ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಬಸ್ಸಿನ ಕಥೆಯನ್ನು ಅವರು ನಂಬಲಿಲ್ಲವೋ, ಓದಲೇ ಇಲ್ಲವೋ.

ಮುಂದಿನ ಬೇಸಿಗೆಯಲ್ಲಿ ಆ ಸಿನಿಮಾ ಸಾಗರಕ್ಕೆ ಮತ್ತೆ ಬಂತು. ಹಠಕ್ಕೆ ಬಿದ್ದು ಹೋದೆ. ಪಲ್ಲವಿ ಮುಗಿಯಿತು, ನನ್ನ ಚರಣವೂ ಮುಗಿಯಿತು. ಆಮೇಲೆ ಕೊಳಲು ಎತ್ತಿಕೊಂಡು ಎರಡನೆಯದು ಶುರುವಾಯಿತು. ಮೊದಲನೆಯದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹಾಡು ಹೇಳಬೇಕಾದದ್ದೆಲ್ಲ ಅಲ್ಲೇ ಇತ್ತು. ಹೆಂಗಸರ ಬೆಂಚುಗಳೆಲ್ಲ ಗಟ್ಟಿಯಾಗಿ ದನಿಗೂಡಿಸಿದವು.

ಪಕ್ಕದಲ್ಲಿದ್ದ ಹೆಂಗಸು ನನ್ನ ಮುಚ್ಚಿದ ಬಾಯಿ ನೋಡಿ ಕನಿಕರದಿಂದ ಕೇಳಿದಳು, "ನಿಮಗೆ ಈ ಹಾಡು ಬರೂದಿಲ್ವಾ?"

"ಇಲ್ಲ" ಅಂದೆ.