ಟ್ರೇಲರಿನ ಮೇಲೆ ದಿಕ್ಕು ಕಲಿತ ಡ್ರೋನು

ನಮ್ಮ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನು ಬಂದಾಗ ಅದನ್ನು ಹಾರಿಸಲು ಕಲಿತು ಬಂದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ರಿಮೋಟು ಅವಳದು, ಔಷಧಿ ಕಲಸಿ ಟ್ಯಾಂಕು ತುಂಬುವುದು ನನ್ನದು. ಮನೆಗೆಲಸದಲ್ಲಿ ಯಾವತ್ತೂ ದನಿ ಎತ್ತದವಳು ರಿಮೋಟು ಹಿಡಿದರೆ ಊರ ಗಂಡಸರಿಗೂ "ಆಚಿ ಸರೀರಿ" ಅನ್ನುತ್ತಿದ್ದಳು.

ಸುರೇಬಾನದ ಹತ್ತಿರದ ಕಬ್ಬಿನ ಹೊಲಕ್ಕೆ ಹೋದಾಗ ಮಳೆಯಾಗಿ ಬದುವೆಲ್ಲ ರಾಡಿ. ಆ ಹೊಲದವರ ಮನೆಯ ಹಿರಿಯಾಕೆ ಡ್ರೋನಿಗೆ ಕುಂಕುಮ ಹಚ್ಚಿ ಆರತಿ ಮಾಡಿದರು. ಆಮೇಲೆ ಕೆಳಗಿಡಲು ಬಿಡಲಿಲ್ಲ.

"ಪೂಜಿ ಆದದ್ದನ್ನ ರಾಡ್ಯಾಗ ಇಡ್ತಾರೇನವಾ? ಟ್ರೇಲರ್ ಮ್ಯಾಲ ಇಡ್ರಿ."

ಹೊಸ ಜಾಗದಲ್ಲಿ ಹಾರಿಸುವ ಮೊದಲು ಡ್ರೋನನ್ನು ಎತ್ತಿ ಎಲ್ಲ ಮಗ್ಗುಲಿಗೂ ತಿರುವಬೇಕು. ಆಗ ಅದರ ದಿಕ್ಸೂಚಿಗೆ ಉತ್ತರ ಯಾವುದೆಂದು ತಿಳಿಯುತ್ತದೆ. ಕಬ್ಬಿಣದ ಹತ್ತಿರ ಹಾಗೆ ಮಾಡಬಾರದೆಂದು ತರಬೇತಿಯಲ್ಲಿ ಹೇಳಿದ್ದರಂತೆ. ಟ್ರೇಲರಿನ ತುಂಬ ಕಬ್ಬಿನ ಒಣಗಿದ ಎಲೆ, ರವದಿ, ಹಾಸಿತ್ತು, ಕಬ್ಬಿಣ ಕಣ್ಣಿಗೆ ಬೀಳಲಿಲ್ಲ. ಅಲ್ಲೇ ನಿಂತು ಇಬ್ಬರೂ ಹಿಡಿದು ತಿರುವಿದೆವು.

"ಕೂಸಿಗೆ ದೃಷ್ಟಿ ತಗಿಯಾಕ ಹತ್ತೀರೇನ್ರವಾ?" ಎಂದು ಹಿರಿಯಾಕೆ ನಕ್ಕರು. ನಾವೂ ನಕ್ಕೆವು.

ಮೇಲೆದ್ದ ಡ್ರೋನು ಗಾಣದ ಎತ್ತಿನಂತೆ ಸುತ್ತತೊಡಗಿತು. ಸುತ್ತು ಅಗಲವಾಗುತ್ತ ಹೋಗಿ, ಲೈಟಿನ ಕಂಬಕ್ಕೆ ಬಡಿದು ಕಬ್ಬಿನೊಳಗೆ ಬಿತ್ತು.

"ಅಕ್ಕಾ, ನಾ ನೆಟ್ಟಗ ಹಿಡದಿದ್ದೆ" ಅಂದಳು ನೆಗೆಣ್ಣಿ. ಅವಳ ಹೆಬ್ಬೆರಳು ಇನ್ನೂ ರಿಮೋಟನ್ನು ಒತ್ತುತ್ತಲೇ ಇತ್ತು.

ಯರಗಟ್ಟಿಯ ರಿಪೇರಿಯವನು ಎಲ್ಲ ಕೇಳಿಕೊಂಡು ಹೇಳಿದ: "ಎಷ್ಟು ವಾಲೇತಿ, ಎಷ್ಟು ಅಲಗ್ಯಾಡೇತಿ ಅಂತ ಹೇಳಾಕ ಈ ಬೋರ್ಡಿನ್ಯಾಗ ಮೂರು ಸೆನ್ಸರ್ ಅದಾವರಿ. ಒಂದು ಸುಳ್ಳು ಹೇಳಿದ್ರ ಉಳದೆರಡು ಅದರ ಬಾಯಿ ಮುಚ್ಚಸ್ತಾವು. ದಿಕ್ಕು ಹೇಳೂದು ಒಂದ ಐತಿ. ಅದು ಟ್ರೇಲರಿನ ಕಬ್ಬಿಣಕ್ಕ ಮಳ್ಳಾತು. ಅದನ್ನ ತಪ್ಪು ಅನ್ನಾಕ ಜೋಡಿ ಇನ್ನೊಂದಿಲ್ಲ."

ಸಂಘದ ಸಭೆಯಲ್ಲಿ ಇದನ್ನೇ ಹೇಳಿದೆ.

"ಹಂಗಾರ ಕಬ್ಬಿಣದ ಮ್ಯಾಲ ನಿಂತಾವ್ರು ಯಾರು?" ಎಂದು ಒಬ್ಬಾಕೆ ಕೇಳಿದಳು.

"ಇಬ್ಬರೂ ನಿಂತಿದ್ವಿ" ಅಂದೆ.

"ರಿಮೋಟ್ ಯಾರ ಕೈಯಾಗಿತ್ತವಾ?" ಅಂದರು ಅಧ್ಯಕ್ಷೆ.

ನೆಗೆಣ್ಣಿ ಆರತಿಯ ಮಾತು ಎತ್ತಲೇ ಇಲ್ಲ. ಮನೆಗೆ ಬರುವಾಗ ಯಾಕೆಂದು ಕೇಳಿದೆ. "ಪ್ರೀತೀಲೆ ಕುಂಕುಮ ಹಚ್ಚ್ಯಾರ ಅಕ್ಕಾ, ತಪ್ಪು ಅವರ ಮ್ಯಾಲ ಹೆಂಗ ಹಾಕ್ಲಿ?"

ರಿಪೇರಿಯಾದ ಮೇಲೆ ರಿಮೋಟು ಇನ್ನೊಬ್ಬಾಕೆಯ ಪಾಲಾಯಿತು. ಈಗ ಟ್ಯಾಂಕು ತುಂಬಲು ನಾವಿಬ್ಬರು. ಡ್ರೋನು ಎದ್ದಾಗ ಎಲ್ಲರೂ ತಲೆ ಎತ್ತುತ್ತಾರೆ. ನೆಗೆಣ್ಣಿ ಮಾತ್ರ ಬಕೆಟ್ಟಿನೊಳಗೆ ಕೋಲು ಆಡಿಸುತ್ತಲೇ ಇರುತ್ತಾಳೆ.

"ಸಾಕ ಬಿಡು, ಔಷಧಿ ಕಲೀತು" ಅಂದರೆ, "ಇನ್ನೂ ತಳದಾಗ ಐತಿ ಅಕ್ಕಾ" ಅನ್ನುತ್ತಾಳೆ.